ಗಾಡಿ ನಡುಗುತ್ತದೆ ಅನ್ನುವ ಮೊದಲು, ಯಾವಾಗ ಎಂದು ಕೇಳಿ

ಫೆಬ್ರವರಿ ಬಂತೆಂದರೆ ಬಬಲೇಶ್ವರ, ತಿಕೋಟಾ ಸೀಮೆಯ ರಸ್ತೆಗಳಿಗೆ ಬಿಡುವಿಲ್ಲ. ದ್ರಾಕ್ಷಿ ಕಟಾವು ಶುರುವಾಗಿ ಏಪ್ರಿಲ್ ಮುಗಿಯುವವರೆಗೆ ನಿಡೋಣಿ ಸುತ್ತಲಿನ ತೋಟಗಳಿಂದ ಶೆಡ್ಡಿಗೆ, ಶೆಡ್ಡಿನಿಂದ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ವಿಜಯಪುರಕ್ಕೋ ಸಾಂಗ್ಲಿ, ತಾಸಗಾಂವದ ಪೇಟೆಗೋ ಪಿಕಪ್‌ಗಳು ಓಡುತ್ತಲೇ ಇರುತ್ತವೆ. ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದ ಕೆಲಸದಲ್ಲಿ ಬಹುಪಾಲನ್ನು ಈಗ ಇವೇ ಮಾಡುತ್ತಿವೆ. 2005ರಲ್ಲಿ ಟಾಟಾ ಏಸ್ ಬಂದು ಸಣ್ಣ ಸರಕು ಗಾಡಿಯ ರುಚಿ ಹಚ್ಚಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ದೋಸ್ತ್ ಬಂತು. ಬೊಲೆರೊ ಪಿಕಪ್ಪಂತೂ ಇಂದು ಪ್ರತಿ ಊರಿನ ಅಗಸಿಯಲ್ಲೂ ನಿಂತಿರುತ್ತದೆ.

ಇವುಗಳಲ್ಲಿ ಹೆಚ್ಚಿನವು ಸಾಲದ ಗಾಡಿಗಳು. ಮಾಲೀಕನೇ ಡ್ರೈವರ್. ಹೊಸ ಗಾಡಿ ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿರುವುದಿಲ್ಲ, ಆಗಲೇ ಗ್ಯಾರೇಜಿನ ಮುಂದೆ ನಿಂತು, ‘ಐವತ್ತು ದಾಟಿದ್ರ ಥರಥರ ನಡಗತೈತ್ರಿ’, ‘ಮುಂಜಾನೆ ಗೇರ್ ಬೀಳವಲ್ದು’, ‘ಮಾಲು ಹಾಕಿದ್ರ ಸುಮ್ಮನಿರತೈತಿ, ಖಾಲಿ ಇದ್ರ ಕುಣೀತೈತಿ’ ಎಂದು ಹೇಳಿಕೊಳ್ಳಬೇಕಾಗುತ್ತದೆ. ಸರ್ವಿಸ್ ಸೆಂಟರಿಗೆ ಒಯ್ದರೆ ಸ್ಕ್ಯಾನರ್ ಹಚ್ಚಿ ನೋಡಿ, ಏನೂ ತೋರಿಸುತ್ತಿಲ್ಲ ಎಂದು ಕಳಿಸುತ್ತಾರೆ. ಊರ ಮಿಸ್ತ್ರಿಯ ಬಳಿ ಹೋದರೆ ಇವತ್ತು ಕ್ಲಚ್ ಪ್ಲೇಟು, ಮುಂದಿನ ವಾರ ಶಾಫ್ಟಿನ ಕ್ರಾಸು, ಆಮೇಲೆ ಎಂಜಿನ್ ಮೌಂಟಿಂಗು ಎಂದು ಒಂದೊಂದೇ ಸಾಮಾನು ಬದಲಾಗುತ್ತ ಹೋಗುತ್ತದೆ. ದುಡ್ಡು ಹೋಗುತ್ತದೆ, ನಡುಕ ಹೋಗುವುದಿಲ್ಲ.

ಸ್ಕ್ಯಾನರ್ ಸುಳ್ಳು ಹೇಳುವುದಿಲ್ಲ, ಆದರೆ ಸೆನ್ಸರ್ ಇರುವ ಕಡೆಯಷ್ಟೇ ಅದರ ಕಣ್ಣು. ಪ್ರೊಪೆಲ್ಲರ್ ಶಾಫ್ಟಿನ ನಡುವಿನ ಬೇರಿಂಗಿನ ರಬ್ಬರು ಹರಿದಿದ್ದರೆ, ರಿಮ್ಮಿನೊಳಗೆ ಮಣ್ಣು ಗಟ್ಟಿಯಾಗಿದ್ದರೆ, ಪಾಟಾ (ಸ್ಪ್ರಿಂಗಿನ ಪಟ್ಟಿ) ಹೆಚ್ಚಾಗಿ ಹಿಂದಿನ ಆಕ್ಸಲ್ ಹೌಸಿಂಗಿನ ಓರೆ ಬದಲಾಗಿದ್ದರೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಅಲ್ಲಿ ಸಾಕ್ಷಿ ಹೇಳಬೇಕಾದವನು ಡ್ರೈವರೇ. ಅವನು ‘ನಡಗತೈತಿ’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಸ್ಪೀಡಿನಲ್ಲಿ, ಯಾವ ಗೇರಿನಲ್ಲಿ, ಮಾಲು ಇದ್ದಾಗಲೋ ಇಲ್ಲದಾಗಲೋ, ಸ್ಟೇರಿಂಗಿನಲ್ಲೋ ಸೀಟಿನಲ್ಲೋ ಎಂದು ಹೇಳಬೇಕು. ಈ ನಾಲ್ಕು ಮಾತು ಸಿಕ್ಕರೆ ಅರ್ಧ ರಿಪೇರಿ ಆದಂತೆ.

ಇದರ ಹಿಂದೆ ಸರಳ ಲೆಕ್ಕವಿದೆ. ಪಿಕಪ್‌ಗಳಿಗೆ ಸಾಮಾನ್ಯವಾಗಿ ಬರುವ 15 ಇಂಚಿನ ರಿಮ್ಮಿನ ಟೈರು ಒಂದು ಸುತ್ತಿಗೆ ಹೆಚ್ಚುಕಡಿಮೆ 2.2 ಮೀಟರ್ ಸಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಹಿಂದಿನ ಹೌಸಿಂಗಿನಲ್ಲಿ ಗೇರಿನ ಅನುಪಾತ ನಾಲ್ಕರ ಆಸುಪಾಸು ಇರುವುದರಿಂದ ಪ್ರೊಪೆಲ್ಲರ್ ಶಾಫ್ಟು ಅದೇ ಹೊತ್ತಿನಲ್ಲಿ ಸುಮಾರು 30 ಸುತ್ತು ಹಾಕುತ್ತದೆ. ಹೀಗಾಗಿ ಗಾಲಿಯ ದೋಷ ನಿಧಾನದ ಕುಲುಕಾಟವಾಗಿ ಕೈಗೆ ಸಿಗುತ್ತದೆ. ಶಾಫ್ಟಿನ ದೋಷ ಗುಂಯ್ ಎನ್ನುವ ನಡುಕವಾಗಿ ಸೀಟು, ಪಾದದ ಕೆಳಗಿನ ತಗಡು, ಗೇರ್ ರಾಡುಗಳಲ್ಲಿ ಕಾಣುತ್ತದೆ. ಮೊಬೈಲಿನಲ್ಲಿ ಚಲನೆ ಅಳೆಯುವ ಸೆನ್ಸರ್ ಇದ್ದೇ ಇರುತ್ತದೆ. ಕಂಪನ ತೋರಿಸುವ ಉಚಿತ ಆ್ಯಪ್ ಹಾಕಿ, ಫೋನನ್ನು ಸೀಟಿನ ಪಕ್ಕ ಕಟ್ಟಿಟ್ಟು ಓಡಿಸಿ, ಆಮೇಲೆ ಗಾಡಿ ನಿಲ್ಲಿಸಿ ನೋಡಿದರೆ ನಡುಕ ಸೆಕೆಂಡಿಗೆ ಏಳೆಂಟೋ ಮೂವತ್ತೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಫೋನೂ ಬೇಡ ಎನ್ನುವವರಿಗೆ ಗೇರೇ ಸಾಕು. ಖಾಲಿ ರಸ್ತೆಯಲ್ಲಿ 60ರ ವೇಗ ಹಿಡಿದು ಒಮ್ಮೆ ನಾಲ್ಕನೇ ಗೇರಿನಲ್ಲಿ, ಒಮ್ಮೆ ಐದನೆಯದರಲ್ಲಿ ಓಡಿಸಿ. ಎಂಜಿನ್ನಿನ ಓಟ ಬದಲಾಗುತ್ತದೆ, ಗಾಲಿ ಮತ್ತು ಶಾಫ್ಟಿನ ಓಟ ಬದಲಾಗುವುದಿಲ್ಲ. ನಡುಕ ಎರಡರಲ್ಲೂ ಒಂದೇ ತೆರನಾಗಿದ್ದರೆ ದೋಷ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಅಥವಾ ಗಾಲಿಗಳಲ್ಲಿ ಇದೆ. ಗೇರು ಬದಲಾದೊಡನೆ ನಡುಕವೂ ಬದಲಾದರೆ ಎಂಜಿನ್, ಅದರ ಮೌಂಟಿಂಗು, ಕ್ಲಚ್ಚಿನ ಕಡೆ ನೋಡಬೇಕು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಆದರೂ ಇದನ್ನು ಮಾಡದೆ ಗಾಡಿ ಬಿಚ್ಚಲು ಕೂರುವುದೇ ಹೆಚ್ಚು.

ನಮ್ಮ ಕಡೆಯ ಗಾಲಿಗೆ ಒಂದು ವಿಶೇಷ ಶತ್ರುವಿದೆ: ಎರಿ ಮಣ್ಣು. ಮಳೆ ಬಿದ್ದ ಮೇಲೆ ತೋಟದೊಳಗೆ ಇಳಿದು ಬಂದ ಗಾಡಿಯ ರಿಮ್ಮಿನ ಒಳಮೈಗೆ ಈ ಮಣ್ಣು ಅಂಟಿ, ಎರಡು ಬಿಸಿಲಿಗೆ ಇಟ್ಟಂಗಿಯಷ್ಟು ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಗಾಲಿ ಸ್ವಚ್ಛ. ಒಳಗೆ ಒಂದೇ ಮಗ್ಗುಲಿಗೆ ಅಂಗೈ ಅಗಲದ ಹೆಂಟೆ ಕೂತಿರುತ್ತದೆ. ಬ್ಯಾಲೆನ್ಸಿಂಗಿನಲ್ಲಿ ಹತ್ತಿಪ್ಪತ್ತು ಗ್ರಾಂ ಸೀಸಕ್ಕೆ ತಲೆ ಕೆಡಿಸಿಕೊಳ್ಳುವ ಗಾಲಿಗೆ ಕಾಲು ಕಿಲೋ ಮಣ್ಣು ಅಂಟಿದ್ದರೆ ಏನಾದೀತು? ಮೊದಲು ಗಾಲಿ ಬಿಚ್ಚಿ, ಒಳಮೈ ಕೆರೆದು ತೊಳೆಯಿರಿ. ಆಮೇಲೆ ಹವಾ ನೋಡಿ, ನಾಲ್ಕೂ ಗಾಲಿಯ ಬ್ಯಾಲೆನ್ಸ್ ಮಾಡಿಸಿ. ರಿಸೋಲ್ ಟೈರು ಹಾಕಿದ್ದರೆ, ಟೈರಿನ ಮೈ ಉಬ್ಬಿದ್ದರೆ ಅದನ್ನೂ ಕಣ್ಣಿಟ್ಟು ನೋಡಿ.

ಇದೇ ಮಣ್ಣು ರಸ್ತೆಯನ್ನೂ ಕೆಡಿಸುತ್ತದೆ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುವ ನೆಲದ ಮೇಲೆ ಹಾಸಿದ ಡಾಂಬರು ತೆರೆತೆರೆಯಾಗಿ ಗಾಡಿಯನ್ನೂ ಡ್ರೈವರನ್ನೂ ಕುಲುಕಿಸುತ್ತದೆ. ಮನುಷ್ಯನ ಮೈ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯ ಮೇಲುಕೆಳಗಿನ ಕುಲುಕಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಸೋಲುತ್ತದೆ. 60ರ ವೇಗದ ಕೆಟ್ಟ ಗಾಲಿ ಕುಲುಕುವುದೂ ಅಷ್ಟೇ ಬಾರಿ. ಪಿಕಪ್ ಡ್ರೈವರುಗಳ ಸೊಂಟನೋವು ಬರೀ ವಯಸ್ಸಿನದೆಂದು ತಳ್ಳಿಹಾಕುವ ಹಾಗಿಲ್ಲ. ಗೊನೆಯಿಂದ ದ್ರಾಕ್ಷಿ ಕಾಳು ಉದುರಿ ಕ್ರೇಟಿನ ತಳ ಸೇರುವುದಕ್ಕೂ ಈ ಕುಲುಕಾಟ ಒಂದು ಕಾರಣ.

ನನ್ನ ಅನಿಸಿಕೆಯಲ್ಲಿ ಈ ಭಾಗದ ನಡುಕದ ದೊಡ್ಡ ಕಾರಣ ಪಾಟಾ. ಕಂಪನಿ 1.7 ಟನ್ ಎಂದು ಬರೆದ ಗಾಡಿಗೆ 20 ಕಿಲೋದ ಕ್ರೇಟು 85 ಇಟ್ಟರೆ ಮುಗಿಯಿತು. ಮೇಲೆ ಕಟ್ಟಿಸಿದ ಕಬ್ಬಿಣದ ಜಾಲರಿಯ ಭಾರವೂ ಅದರಲ್ಲೇ ಬರಬೇಕು. ಆದರೆ ಬಾಡಿಗೆ ಪೂರೈಸಬೇಕಲ್ಲ? ಶೋರೂಮಿನಿಂದ ಬಂದ ವಾರದಲ್ಲೇ ಹಿಂದೆ ಎರಡು ಪಾಟಾ ಹೆಚ್ಚಿಗೆ ಹಾಕಿಸುವುದು ರೂಢಿಯಾಗಿದೆ. ಅದರಿಂದ ಖಾಲಿ ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೌಸಿಂಗಿನ ಮೂತಿಯ ಓರೆ ಬದಲಾಗುತ್ತದೆ. ಶಾಫ್ಟಿನ ಕ್ರಾಸು ಓರೆಯಲ್ಲಿ ತಿರುಗುವಾಗ ಒಂದು ಸುತ್ತಿನೊಳಗೆ ಎರಡು ಸಲ ವೇಗ ಹೆಚ್ಚಿ ಎರಡು ಸಲ ಕಡಿಮೆಯಾಗುತ್ತದೆ. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅಭ್ಯಾಸ ಮಾಡಿದ ಜಾಯಿಂಟು ಇದು. ಅದರ ಗುಣ ಇಂದಿಗೂ ಅದೇ. ಎರಡು ತುದಿಯ ಕ್ರಾಸುಗಳ ಓರೆ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಓರೆ ಸಮ ತಪ್ಪಿದರೆ ನುಂಗದೆ ಉಳಿದದ್ದೇ ನಡುಕ. ‘ಖಾಲಿ ಇದ್ರ ಕುಣೀತೈತಿ’ ಎಂಬ ದೂರಿಗೆ ಬಹಳ ಸಲ ಉತ್ತರ ಇಷ್ಟೇ.

ಇದರ ಜೊತೆಗೆ ಗ್ಯಾರೇಜಿನಲ್ಲಿ ಆಗುವ ಒಂದು ಅಚಾತುರ್ಯವಿದೆ. ಕ್ರಾಸು ಬದಲಿಸಲು ಶಾಫ್ಟು ಬಿಚ್ಚುವಾಗ ಜಾರುವ ಹಲ್ಲಿನ ಜಾಗದಲ್ಲಿ ಗುರುತು ಹಾಕದೆ ಎಳೆಯುತ್ತಾರೆ. ತಿರುಗಿ ಜೋಡಿಸುವಾಗ ಒಂದೇ ಹಲ್ಲು ಆಚೀಚೆ ಆದರೂ ಎರಡು ತುದಿಯ ಕವಲುಗಳು ಒಂದೇ ಸಾಲಿಗೆ ಬರುವುದಿಲ್ಲ. ಹೊಸ ಕ್ರಾಸು, ಹೊಸ ಬೇರಿಂಗು ಹಾಕಿದ ಮೇಲೆ ನಡುಕ ಇನ್ನಷ್ಟು ಜೋರಾಗಿರುತ್ತದೆ! ಬಿಚ್ಚುವ ಮೊದಲು ಸುಣ್ಣದಕಡ್ಡಿಯಿಂದ ಎರಡೂ ತುಂಡಿನ ಮೇಲೆ ಒಂದು ಗೆರೆ ಎಳೆಯಲು ಹೇಳಿ. ಶಾಫ್ಟಿಗೆ ಬೆಸುಗೆ ಹಾಕಿದ ಸಣ್ಣ ತೂಕದ ಚೂರು ಉದುರಿದ್ದರೆ, ಆ ಜಾಗದಲ್ಲಿ ಮಸುಕು ಗುರುತು ಉಳಿದಿರುತ್ತದೆ. ಅದನ್ನೂ ಹುಡುಕಿ.

ಮಾಲು ತುಂಬಿ ಗಾಡಿ ಎತ್ತುವಾಗಿನ ನಡುಕವೇ ಬೇರೆ. ಕ್ಲಚ್ ಪೂರ್ತಿ ಬಿಟ್ಟ ಕೂಡಲೇ ನಿಂತರೆ ಅದು ಕ್ಲಚ್ಚಿನದು: ಪ್ಲೇಟಿಗೆ ಆಯಿಲ್ ತಗುಲಿರಬಹುದು, ಪ್ರೆಷರ್ ಪ್ಲೇಟು ಕಾದು ನೀಲಿಗಟ್ಟಿರಬಹುದು. ಕ್ಲಚ್ ಬಿಟ್ಟ ಮೇಲೂ ಇಪ್ಪತ್ತು, ಮೂವತ್ತರವರೆಗೆ ಮುಂದುವರಿದರೆ ಸೆಂಟರ್ ಬೇರಿಂಗಿನ ರಬ್ಬರನ್ನು ನೋಡಬೇಕು.

ಇನ್ನು ಗೇರು. ಎಂಜಿನ್ ಬಂದ್ ಮಾಡಿ ನಿಂತಲ್ಲೇ ಒಂದೊಂದಾಗಿ ಗೇರು ಹಾಕಿ ನೋಡಿ. ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರು, ಚಾಲೂ ಮಾಡಿದಾಗ ಮಾತ್ರ ಬೀಳದಿದ್ದರೆ ಗೇರ್‌ಬಾಕ್ಸ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಲ್ಲಿ ಆಯಿಲ್ ಕಡಿಮೆಯಾಗಿರಬಹುದು, ಪೈಪಿನಲ್ಲಿ ಗಾಳಿ ಸೇರಿರಬಹುದು, ಸಿಲಿಂಡರು ಸೋರುತ್ತಿರಬಹುದು. ಬಂದ್ ಇದ್ದಾಗಲೂ ಬಿಗಿಯಿದ್ದರೆ ಗೇರ್ ಕೇಬಲ್ಲು, ಅದರ ಬುಷ್ಷು ಪರೀಕ್ಷಿಸಬೇಕು. ಒಂದೇ ಒಂದು ಗೇರು, ಬಹಳವಾಗಿ ಎರಡನೆಯದು, ಕರಕರ ಎಂದರೆ ಆ ಗೇರಿನ ಸಿಂಕ್ರೊನೈಸರ್ ರಿಂಗು ಸವೆದಿದೆ. ಈ ರಿಂಗುಗಳು ಅನೇಕ ಗಾಡಿಗಳಲ್ಲಿ ಹಿತ್ತಾಳೆಯವು. ಹೌಸಿಂಗಿಗೆ ಹಾಕುವ ಜಿಎಲ್-5 ಆಯಿಲನ್ನೇ ಗೇರ್‌ಬಾಕ್ಸಿಗೂ ಸುರಿದರೆ ಅದರೊಳಗಿನ ಗಂಧಕದ ಅಂಶ ಹಿತ್ತಾಳೆಗೆ ಆಗಿಬರುವುದಿಲ್ಲ. ಯಾವ ಗ್ರೇಡು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿಸಿ. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಟ ಇದ್ದವರಿಗೆ ಯಾವ ಕಂಪನಿಯ ಪ್ಲೇಟೂ ಬಾಳಿಕೆ ಬರದು.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಗಾಡಿಗಳು ಆಗಾಗ ಆ ಮಸಿಯನ್ನು ತಾವೇ ಸುಟ್ಟುಕೊಳ್ಳುತ್ತವೆ. ಆಗ ನಿಂತಲ್ಲೇ ಎಂಜಿನ್ನಿನ ಓಟ ತುಸು ಏರುತ್ತದೆ, ಸದ್ದು ಬದಲಾಗುತ್ತದೆ. ಅದು ದೋಷವಲ್ಲ. ಆದರೆ ತೋಟದಿಂದ ಶೆಡ್ಡಿಗೆ ಎರಡು, ಮೂರು ಕಿಲೋಮೀಟರ್ ಮಾತ್ರ ಓಡಿಸಿ ಬಂದ್ ಮಾಡುತ್ತಿದ್ದರೆ ಮಸಿ ಸುಡಲು ಬೇಕಾದ ಶಾಖ ಹುಟ್ಟುವುದಿಲ್ಲ, ಮೀಟರಿನಲ್ಲಿ ದೀಪ ಹತ್ತುತ್ತದೆ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ಒಂದು ಉದ್ದನೆಯ ಓಟ ಬೇಕು.

ಇಷ್ಟೆಲ್ಲ ನೋಡಿದ ಮೇಲೂ, ಹೆಚ್ಚಿಗೆ ಪಾಟಾ ಇಲ್ಲದ, ಮಿತಿಯೊಳಗೆ ಮಾಲು ಹೊತ್ತ ಹೊಸ ಗಾಡಿ ನಡುಗುತ್ತಲೇ ಇದ್ದರೆ ಮಾಲೀಕ ಸುಮ್ಮನಿರಬೇಕಿಲ್ಲ. ‘ಬಾಡಿಗೆ ಗಾಡಿ, ನೀವು ಗ್ರಾಹಕರಲ್ಲ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಒಳಗೇ ಇಟ್ಟುಕೊಂಡಿದೆ. ತಾನೇ ಓಡಿಸಿ ದುಡಿಯುವವನು ಗ್ರಾಹಕನೇ ಎಂಬುದನ್ನು ಸುಪ್ರೀಂ ಕೋರ್ಟ್ 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲೇ ಬಿಡಿಸಿ ಹೇಳಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನಿಡೋಣಿಯವರು ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. 5ರಿಂದ 10 ಲಕ್ಷ ರೂಪಾಯಿಯ ಗಾಡಿಗೆ ಶುಲ್ಕ 200 ರೂಪಾಯಿ, 20 ಲಕ್ಷದವರೆಗೆ 400.

ಕಷ್ಟ ಇರುವುದು ರುಜುವಾತಿನಲ್ಲಿ. ತಯಾರಿಕೆಯ ದೋಷ ಎನ್ನಲು ತಜ್ಞರ ವರದಿ ಬೇಕಾಗುತ್ತದೆ, ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆ ಪರೀಕ್ಷೆಗೆ ತಳಹದಿ ಸರ್ವಿಸ್ ಸೆಂಟರಿನವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡು. ಆದರೆ ಅದರಲ್ಲಿ ‘ಜನರಲ್ ಚೆಕಪ್’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಅಂಥ ಕಾರ್ಡು ಹತ್ತಿದ್ದರೂ ನಡುಕದ ದೂರು ಒಮ್ಮೆಯೂ ಕೊಟ್ಟಂತಾಗುವುದಿಲ್ಲ. ಅಷ್ಟೇ ಅಲ್ಲ, ಹೆಚ್ಚಿನ ಪಾಟಾ ಮತ್ತು ಅತಿಭಾರ ವಾರಂಟಿಯನ್ನು ಮುರಿಯಲು ಕಂಪನಿಗೆ ಸಿಗುವ ಮೊದಲ ನೆಪ. ಅತಿಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20 ಸಾವಿರ ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2 ಸಾವಿರ ಬೇರೆ.

ಆದ್ದರಿಂದ ಪಿಕಪ್ ಮಾಲೀಕರಲ್ಲಿ ಒಂದೇ ವಿನಂತಿ. ಮುಂದಿನ ಸಲ ಸರ್ವಿಸ್ಸಿಗೆ ಬಿಡುವಾಗ ಅಲ್ಲಿಯ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗಾಡಿ ಓಡಿಸಿ ತೋರಿಸಿ. ‘ಖಾಲಿ ಗಾಡಿ, ಐದನೇ ಗೇರು, 55ರಿಂದ 65ರ ನಡುವೆ ಸೀಟಿನಲ್ಲಿ ನಡುಕ’ ಎಂದು ನಿಮ್ಮ ಮಾತಿನಲ್ಲೇ ಕಾರ್ಡಿನ ಮೇಲೆ ಬರೆಯಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡು ಆಮೇಲೆ ಸಹಿ ಮಾಡಿ. ಅವರು ಬರೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಲ್ಲಿಂದಲೇ ಫೋನು ಮಾಡಿ.