ಆಡದವನಿಗೆ 43 ಲಕ್ಷ ಡಾಲರ್

2008ರ ಫೆಬ್ರವರಿ. ಕೀತ್ ವ್ಯಾನ್ ಹಾರ್ನ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2006ರ ಫೈನಲ್ಸ್ ಮುಗಿದ ಮೇಲೆ ಚೆಂಡು ಹಿಡಿದು ಅಂಗಳಕ್ಕೆ ಇಳಿದೇ ಇರಲಿಲ್ಲ. ಅಂಥವರನ್ನು ಅವರ ಹಳೆಯ ತಂಡ ಡಲ್ಲಾಸ್ ಮಾವರಿಕ್ಸ್ ಹುಡುಕಿಕೊಂಡು ಬಂತು. ಸುಮಾರು 43 ಲಕ್ಷ ಡಾಲರಿಗೆ ಸಹಿ ಹಾಕಿಸಿಕೊಂಡಿತು, ಅದೇ ಉಸಿರಿನಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ದಾಟಿಸಿತು. ನ್ಯೂಜೆರ್ಸಿಯ ಪರ ಅವರು ಒಂದೇ ಒಂದು ಪಂದ್ಯ ಆಡಲಿಲ್ಲ. ಆಡಿಸುವುದು ಉದ್ದೇಶವೂ ಆಗಿರಲಿಲ್ಲ. ಬೇಕಾಗಿದ್ದದ್ದು ಅವರ ಸಂಬಳದ ಅಂಕಿ ಮಾತ್ರ!

ಡಲ್ಲಾಸ್‌ಗೆ ನೆಟ್ಸ್‌ನಲ್ಲಿದ್ದ ಜೇಸನ್ ಕಿಡ್ ಬೇಕಿತ್ತು. ಕಿಡ್ ಸಂಬಳ ದೊಡ್ಡದು. ಲೀಗ್ ಹಾಕಿದ ಒಟ್ಟು ಸಂಬಳದ ಮಿತಿ (ಸ್ಯಾಲರಿ ಕ್ಯಾಪ್) ಮೀರಿದ ತಂಡ ಒಬ್ಬನನ್ನು ತರಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಮೊತ್ತದ ಸಂಬಳವನ್ನು ಆಚೆ ಕಳಿಸಬೇಕು. ಮೊದಲು ಕುದುರಿದ್ದ ಒಪ್ಪಂದವನ್ನು ಡೆವಿಯನ್ ಜಾರ್ಜ್ ಎಂಬ ಆಟಗಾರ ತನ್ನ ಹಕ್ಕು ಚಲಾಯಿಸಿ ತಡೆದಿದ್ದ. ಲೆಕ್ಕದಲ್ಲಿ ಬಿದ್ದ ಆ ತೂತನ್ನು ಮುಚ್ಚಿದವರಲ್ಲಿ ವ್ಯಾನ್ ಹಾರ್ನ್ ಒಬ್ಬರು. ಕಿಡ್ ಬಂದರು, 2011ರಲ್ಲಿ ಡಲ್ಲಾಸ್ ಚಾಂಪಿಯನ್ ಆಯಿತು.

ಇದನ್ನು ಓದಿದ ಮೇಲೆ ನನಗೆ ಬ್ಯಾಸ್ಕೆಟ್‌ಬಾಲ್ ಬೇರೆಯದೇ ಆಟವಾಗಿ ಕಾಣತೊಡಗಿತು. ಅಂಗಳದಲ್ಲಿ ಐವರು ಓಡುತ್ತಿರುವಾಗಲೇ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪಂದ್ಯ ನಡೆಯುತ್ತಿರುತ್ತದೆ. ಅಲ್ಲಿ ಗೆಲ್ಲುವುದೆಂದರೆ ಜಾಗ ಖಾಲಿ ಮಾಡಿಕೊಳ್ಳುವುದು!

ನಮಗೆ ಗೊತ್ತಿರುವ ಐಪಿಎಲ್ಲನ್ನೇ ಪಕ್ಕಕ್ಕಿಟ್ಟು ನೋಡಿ. 2023ರ ನವೆಂಬರಿನಲ್ಲಿ ಆರ್‌ಸಿಬಿ ಹರ್ಷಲ್ ಪಟೇಲ್‌ರನ್ನು ಬಿಟ್ಟುಕೊಟ್ಟಾಗ ಅವರ 10.75 ಕೋಟಿ ರೂಪಾಯಿ ಹಾಗೇ ಪರ್ಸಿಗೆ ವಾಪಸಾಯಿತು. ಎನ್‌ಬಿಎಯಲ್ಲಿ ಹಾಗಿಲ್ಲ. ಖಾತರಿ ಕೊಟ್ಟು ನಾಲ್ಕು ವರ್ಷಕ್ಕೆ ಬರೆದುಕೊಟ್ಟರೆ ನಾಲ್ಕು ವರ್ಷದ್ದೂ ಕೊಡಬೇಕು. ಮಂಡಿ ಹೋಗಲಿ, ಫಾರ್ಮ್ ಹೋಗಲಿ, ತಂಡದಿಂದಲೇ ತೆಗೆದುಹಾಕಲಿ, ಅವನ ಸಂಬಳ ಸ್ಯಾಲರಿ ಕ್ಯಾಪಿನ ಲೆಕ್ಕದಲ್ಲಿ ಕೂತೇ ಇರುತ್ತದೆ. 1984-85ರಲ್ಲಿ ಈ ಮಿತಿ ಬಂದಾಗ ತಂಡವೊಂದಕ್ಕೆ 36 ಲಕ್ಷ ಡಾಲರ್ ಇತ್ತು. 2025-26ಕ್ಕೆ ಅದು 15.46 ಕೋಟಿ. ಇಷ್ಟು ಬೆಳೆದರೂ ಸಾಲುವುದಿಲ್ಲ.

ಹಾಗಾದರೆ ಭಾರ ಇಳಿಸುವುದು ಹೇಗೆ? ಸಂಬಳಕ್ಕೆ ಜಾಗವಿರುವ ಇನ್ನೊಂದು ತಂಡಕ್ಕೆ ದಾಟಿಸಬೇಕು, ಹೊತ್ತುಕೊಂಡದ್ದಕ್ಕೆ ಕೂಲಿಯನ್ನೂ ಕೊಡಬೇಕು. ಆ ಕೂಲಿ ಸಾಮಾನ್ಯವಾಗಿ ಡ್ರಾಫ್ಟ್ ಹಕ್ಕು, ಅಂದರೆ ಮುಂದೆ ಬರುವ ಹುಡುಗರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಅವಕಾಶ. 2013ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮೂವರು ಆಟಗಾರರನ್ನು ಯೂಟಾಗೆ ಸಾಗಹಾಕಿ, ಜೊತೆಗೆ ಎರಡು ಮೊದಲ ಸುತ್ತಿನ ಹಕ್ಕುಗಳನ್ನೂ ತೆತ್ತಿತು. ಖಾಲಿಯಾದ ಜಾಗಕ್ಕೆ ಆಂಡ್ರೆ ಇಗ್ವಾಡಾಲಾ ಬಂದರು, 2015ರ ಫೈನಲ್ಸ್‌ನ ಶ್ರೇಷ್ಠ ಆಟಗಾರನೂ ಆದರು. ಮುಂದೆ 2019ರಲ್ಲಿ ಅದೇ ಇಗ್ವಾಡಾಲಾರನ್ನು ಅದೇ ವಾರಿಯರ್ಸ್ ಒಂದು ಡ್ರಾಫ್ಟ್ ಹಕ್ಕು ಸೇರಿಸಿ ಮೆಂಫಿಸ್‌ಗೆ ಕಳಿಸಿತು. ಕಾರಣ ಮತ್ತದೇ, ಸಂಬಳ ಇಳಿಸಬೇಕಿತ್ತು!

ಆದರೆ ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಸ್ಯಾಕ್ರಮೆಂಟೊ ಕಿಂಗ್ಸ್ ಕತೆ. ಮುಂಬಯಿಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಮಾಲೀಕತ್ವದ ತಂಡ ಇದು. 2015ರ ಜುಲೈನಲ್ಲಿ ಹೊಸ ಆಟಗಾರರಿಗೆ ಜಾಗ ಮಾಡಲು ಕಾರ್ಲ್ ಲ್ಯಾಂಡ್ರಿ, ಜೇಸನ್ ಥಾಂಪ್ಸನ್, ನಿಕ್ ಸ್ಟಾಸ್ಕಸ್ ಮೂವರನ್ನೂ ಫಿಲಡೆಲ್ಫಿಯಾಕ್ಕೆ ಕೊಟ್ಟಿತು. ಕೂಲಿಯಾಗಿ ಒಂದು ಮೊದಲ ಸುತ್ತಿನ ಹಕ್ಕು. ಮೇಲೆ ಇನ್ನೊಂದು ಸಣ್ಣ ಷರತ್ತು: ಮುಂದಿನ ಎರಡು ಡ್ರಾಫ್ಟ್‌ಗಳಲ್ಲಿ ಫಿಲಡೆಲ್ಫಿಯಾ ಬಯಸಿದರೆ ತನ್ನ ಸರದಿಯನ್ನು ಸ್ಯಾಕ್ರಮೆಂಟೊ ಸರದಿಯೊಂದಿಗೆ ಬದಲಾಯಿಸಿಕೊಳ್ಳಬಹುದು. ಪ್ರತಿಯಾಗಿ ಬಂದದ್ದು ಯುರೋಪಿನ ಇಬ್ಬರು ಆಟಗಾರರ ಹಕ್ಕು. ಆ ಇಬ್ಬರೂ ಕಿಂಗ್ಸ್ ಪರ ಆಡಲೇ ಇಲ್ಲ. ಖಾಲಿ ಜಾಗಕ್ಕೆ ಬಂದ ರಾಜನ್ ರಾಂಡೊ ಒಂದೇ ಋತು ಆಡಿ ಹೊರಟರು.

ಈಗ ನೋಡಿ! ಡ್ರಾಫ್ಟ್ ಸರದಿ ನಿರ್ಧರಿಸುವ 2017ರ ಲಾಟರಿಯಲ್ಲಿ ಸ್ಯಾಕ್ರಮೆಂಟೊಗೆ 3ನೇ ಸರದಿ, ಫಿಲಡೆಲ್ಫಿಯಾಕ್ಕೆ 5ನೆಯದು. ಆ ಸಣ್ಣ ಷರತ್ತು ಎದ್ದು ಕೂತಿತು, ಸರದಿ ಅದಲುಬದಲಾಯಿತು. ಮೊದಲ ಸರದಿಯ ಆಸೆಗೆ ಫಿಲಡೆಲ್ಫಿಯಾ ಆ 3ನೆಯದನ್ನೂ ಇನ್ನೊಂದು ಹಕ್ಕನ್ನೂ ಬಾಸ್ಟನ್‌ಗೆ ಕೊಟ್ಟಿತು. ಬಾಸ್ಟನ್ 3ನೇ ಸರದಿಯಲ್ಲಿ ಆರಿಸಿದ್ದು ಜೇಸನ್ ಟೇಟಮ್‌ನನ್ನು. 2024ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತನ್ನ 18ನೇ ಪ್ರಶಸ್ತಿ ಗೆದ್ದಾಗ ಆ ತಂಡದ ಬೆನ್ನೆಲುಬು ಇದೇ ಟೇಟಮ್. ದೂರದ ಪಶ್ಚಿಮ ಕರಾವಳಿಯ ತಂಡವೊಂದು ಮೂರು ಸಂಬಳ ಇಳಿಸಿಕೊಂಡದ್ದಕ್ಕೂ ಬಾಸ್ಟನ್ ಬೀದಿಗಳ ವಿಜಯೋತ್ಸವಕ್ಕೂ ನಡುವೆ ಇಂಥದೊಂದು ದಾರ! (ಸ್ಯಾಕ್ರಮೆಂಟೊಗೂ 5ನೇ ಸರದಿಯಲ್ಲಿ ಡಿಆರನ್ ಫಾಕ್ಸ್ ಎಂಬ ಅಪ್ಪಟ ಪ್ರತಿಭೆ ಸಿಕ್ಕಿತು, ಅದನ್ನು ಹೇಳದಿದ್ದರೆ ಅನ್ಯಾಯ.)

ಹೊತ್ತುಕೊಳ್ಳುವವರೇ ಸಿಗದಿದ್ದರೆ? ಅದಕ್ಕೆ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಡಂಬಡಿಕೆಯಲ್ಲಿ ‘ಸ್ಟ್ರೆಚ್’ ಎಂಬ ದಾರಿ ಬಂತು. ಆಟಗಾರನನ್ನು ಬಿಟ್ಟುಬಿಡಿ, ಬಾಕಿ ಉಳಿದ ವರ್ಷಗಳನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿ, ಅಷ್ಟು ವರ್ಷಕ್ಕೆ ಬಾಕಿಯನ್ನು ಹಂಚಿ. ಲಾಸ್ ಏಂಜಲಿಸ್ ಲೇಕರ್ಸ್ 2016ರಲ್ಲಿ ಲುವಾಲ್ ಡೆಂಗ್‌ಗೆ 4 ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಿತ್ತು. 2018ರಲ್ಲಿ ಬಿಟ್ಟುಕೊಟ್ಟು, ಕೊನೆಯ ವರ್ಷದ ಬಾಕಿಯನ್ನು ಮೂರು ವರ್ಷಕ್ಕೆ ಎಳೆಯಿತು. ಡೆಂಗ್ 2019ರಲ್ಲಿ ನಿವೃತ್ತರಾದರು. ಲೇಕರ್ಸ್ 2020ರಲ್ಲಿ ಚಾಂಪಿಯನ್ ಆದಾಗಲೂ ಲೆಕ್ಕದಲ್ಲಿ ಅವರ ಹೆಸರಿನ ಎದುರು ಸುಮಾರು 50 ಲಕ್ಷ ಡಾಲರ್ ಇತ್ತು. ಡೆಂಗ್‌ರಂತೆಯೇ 2016ರ ಬೇಸಿಗೆಯಲ್ಲಿ ಲೇಕರ್ಸ್ 6.4 ಕೋಟಿಗೆ ಕರೆತಂದ ತಿಮೊಫೆ ಮೊಜ್‌ಗೊವ್ ಬ್ರೂಕ್ಲಿನ್, ಷಾರ್ಲಟ್, ಒರ್ಲ್ಯಾಂಡೊ ಎಂದು ಕೈಯಿಂದ ಕೈಗೆ ದಾಟುತ್ತ ಹೋದರು. ಕೊನೆಯ ಎರಡು ತಂಡಗಳಿಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಆಡಬಯಸುವ ಮನುಷ್ಯನೊಬ್ಬ ಬರಿಯ ಅಂಕಿಯಾಗಿ ಊರೂರು ಅಲೆಯುವುದು ನೋವಿನ ಸಂಗತಿಯೇ. ಸಂಬಳ ಪೂರ್ತಿ ಕೈಸೇರುತ್ತದೆಂಬ ಖಾತರಿಯೊಂದೇ ಅವನಿಗೆ ರಕ್ಷೆ, ಅದು ಆಟಗಾರರ ಸಂಘ ಹೋರಾಡಿ ಉಳಿಸಿಕೊಂಡದ್ದು.

ಈ ‘ಸ್ಟ್ರೆಚ್’ ದಾರಿ ಎಷ್ಟು ದೂರ ಹೋಗಬಲ್ಲದೆಂಬುದು 2025ರ ಜುಲೈನಲ್ಲಿ ಗೊತ್ತಾಯಿತು. ಏಪ್ರಿಲ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ ಡೇಮಿಯನ್ ಲಿಲ್ಲಾರ್ಡ್‌ರನ್ನು ಮಿಲ್ವಾಕಿ ಬಕ್ಸ್ ಬಿಟ್ಟುಕೊಟ್ಟಿತು. ಎರಡು ವರ್ಷದ ಬಾಕಿ ಸುಮಾರು 11.3 ಕೋಟಿ ಡಾಲರ್! ಅದನ್ನು ಐದು ವರ್ಷಕ್ಕೆ ಹಂಚಿ, ತೆರವಾದ ಜಾಗಕ್ಕೆ ಮೈಲ್ಸ್ ಟರ್ನರ್‌ರನ್ನು ತಂದಿತು. ಲಿಲ್ಲಾರ್ಡ್ ತಾವು ಹೆಸರು ಮಾಡಿದ ಪೋರ್ಟ್‌ಲ್ಯಾಂಡ್‌ಗೇ ಮರಳಿ ಹೊಸದಾಗಿ ಸಹಿ ಹಾಕಿದರು. ಮಿಲ್ವಾಕಿಯ ಲೆಕ್ಕದಲ್ಲಿ ಮಾತ್ರ ಅವರ ಹೆಸರಿನಲ್ಲಿ ವರ್ಷಕ್ಕೆ ಸುಮಾರು 2.25 ಕೋಟಿ ಡಾಲರ್, 2029-30ರ ಋತು ಮುಗಿಯುವವರೆಗೆ.