ಸಹಾಯಕ ತಂತ್ರಾಂಶಕ್ಕೆ ಕಚೇರಿಯಲ್ಲಿಯೇ ಸರ್ವರ್

ಕೃತಕ ಬುದ್ಧಿಮತ್ತೆಯ ಸಹಾಯಕ ತಂತ್ರಾಂಶವನ್ನು ಸಂಸ್ಥೆಯ ಲೆಕ್ಕಪತ್ರ, ದಾಸ್ತಾನು ಕಡತಗಳೊಡನೆ ಜೋಡಿಸಲು ಆಂಥ್ರೋಪಿಕ್ ಕಂಪನಿಯು 2024ರ ನವೆಂಬರ್‌ನಲ್ಲಿ 'ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್' ಎಂಬ ಮುಕ್ತ ಮಾನಕವನ್ನು ಪ್ರಕಟಿಸಿತು. ಇದರನ್ವಯ ಕಚೇರಿಯ ಗಣಕಯಂತ್ರದಲ್ಲಿಯೇ ನಡೆಯುವ ಚಿಕ್ಕ ಸರ್ವರನ್ನು ಪೈಥಾನ್ ಭಾಷೆಯಲ್ಲಿ ರಚಿಸಬಹುದು. ಅದರಲ್ಲಿನ ಪ್ರತಿಯೊಂದು ಕಾರ್ಯಕ್ಕೂ, ಅಂದರೆ 'ಟೂಲ್'ಗೂ, ಹೆಸರು ಮತ್ತು ವಿವರಣೆ ಕೊಡಬೇಕು. ವಿವರಣೆಯನ್ನು ಆಧರಿಸಿಯೇ ತಂತ್ರಾಂಶವು ಸೂಕ್ತ ಟೂಲನ್ನು ಆಯ್ದುಕೊಳ್ಳುವುದರಿಂದ ಅದು ಸ್ಪಷ್ಟವಾಗಿರುವುದು ಅವಶ್ಯ.

ಸರ್ವರ್ ಕಚೇರಿಯಲ್ಲಿದ್ದ ಮಾತ್ರಕ್ಕೆ ಮಾಹಿತಿಯು ಗೋಪ್ಯವಾಗಿ ಉಳಿಯುವುದೆಂದು ಭಾವಿಸಲಾಗದು. ಸಹಾಯಕ ತಂತ್ರಾಂಶದ ಮಾದರಿಯು ಅಂತರಜಾಲದ ಮೂಲಕ ಒದಗುವುದಾದಲ್ಲಿ, ಟೂಲ್ ನೀಡಿದ ಉತ್ತರವೂ ಹೊರಗೆ ತಲುಪುತ್ತದೆ. ಆದ್ದರಿಂದ ಇಡೀ ಖಾತೆ ಪುಸ್ತಕವನ್ನು ತೆರೆದಿಡದೆ, ಒಂದು ಸರಕಿನ ದಾಸ್ತಾನನ್ನಷ್ಟೇ ತಿಳಿಸುವ, ಓದಲು ಮಾತ್ರ ಅನುಮತಿಯುಳ್ಳ ಟೂಲ್‌ನಿಂದ ಆರಂಭಿಸುವುದು ಕ್ಷೇಮಕರ. ತಿದ್ದುವ, ಅಳಿಸುವ ಕಾರ್ಯಗಳಿಗೆ ಜವಾಬ್ದಾರಿಯುತ ಸಿಬ್ಬಂದಿಯ ಒಪ್ಪಿಗೆ ಕಡ್ಡಾಯವಾಗಿರಲಿ.