ದೃಷ್ಟಿ ಕುಂದಿದ ಹಿರಿಯರಿಗೆ ಮನೆಯಲ್ಲೇ ಆರೈಕೆ: ಯಾವುದಕ್ಕೆ ಹಣ ಕೊಡಬೇಕು, ಯಾವುದು ಸಿಗುತ್ತದೆ?

ಮನೆಯ ಹಿರಿಯರಿಗೆ ಕಣ್ಣು ಕಾಣದಂತಾದರೆ ಮಕ್ಕಳು ಮೊದಲು ಮಾಡುವ ಕೆಲಸ ಏಜೆನ್ಸಿಗೆ ಫೋನ್ ಮಾಡಿ ಹೋಮ್ ನರ್ಸ್ ಒಬ್ಬರನ್ನು ಗೊತ್ತು ಮಾಡುವುದು. ಹಣ ತಿಂಗಳು ತಿಂಗಳೂ ಹೋಗುತ್ತದೆ. ಹಿರಿಯರು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ. ಏಕೆಂದರೆ ಎಲ್ಲವನ್ನೂ ಬೇರೆಯವರೇ ಮಾಡಿಕೊಡುತ್ತಾರೆ. ನಿನ್ನೆಯವರೆಗೆ ಅಂಗಡಿಯ ಲೆಕ್ಕ ನೋಡಿದವರು, ಬಸದಿಗೆ ತಾವೇ ನಡೆದು ಹೋದವರು ಹೀಗೆ ಮೂಲೆ ಸೇರುವುದು ಕಣ್ಣು ಹೋದದ್ದಕ್ಕಿಂತ ದೊಡ್ಡ ನಷ್ಟ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ನಾಲ್ಕು ವಿಷಯ ತಿಳಿದಿರಬೇಕು.

ಮೊದಲು ವೈದ್ಯರು

‘ವಯಸ್ಸಾಯಿತು, ಕಣ್ಣು ಮಂಜಾಯಿತು’ ಎಂದು ಸುಮ್ಮನಿರಬಾರದು. ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಮಾಡುತ್ತಾರೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಆದರೆ ಹನಿ ಔಷಧ ತಪ್ಪದೆ ಹಾಕಿದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರೀಕ್ಷೆ ಮಾಡಿಸಲೇಬೇಕು.

ಪ್ರಮಾಣಪತ್ರ ಮತ್ತು ಅದರಿಂದ ಸಿಗುವುದು

ಚಿಕಿತ್ಸೆಯ ನಂತರವೂ ದೃಷ್ಟಿ ಬಾರದಿದ್ದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು. ಇದು ಸ್ವಾವಲಂಬನ್ ಜಾಲತಾಣದಲ್ಲಿ ಆಗುತ್ತದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. 2016ರ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮವಾಗಿರುವ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ಕಂಡರೆ ಅಂಧತ್ವ. ಅದಕ್ಕಿಂತ ಸ್ವಲ್ಪ ಹೆಚ್ಚು ಕಾಣುವವರಿಗೆ ಮಂದ ದೃಷ್ಟಿ ಎಂಬ ವರ್ಗವಿದೆ. ಒಂದು ಕಣ್ಣು ಸರಿಯಿದ್ದು ಇನ್ನೊಂದು ಪೂರ್ತಿ ಹೋಗಿದ್ದರೆ ಶೇ. 30 ಮಾತ್ರ ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಬೇಕು.

ವ್ಯಾಪಾರಸ್ಥ ಕುಟುಂಬಗಳು ಮರೆಯುವ ಒಂದು ಸೌಲಭ್ಯ ತೆರಿಗೆಯದ್ದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂದು ಹೆಸರಾದ ಕಡಿತ ಇದು. ಅವಲಂಬಿತರಿಗೆ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇದ್ದರೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಚಿಕಿತ್ಸೆ, ಶುಶ್ರೂಷೆ, ತರಬೇತಿ, ಪುನರ್ವಸತಿ, ಇವುಗಳಿಗೆ ಮಾಡಿದ ಖರ್ಚು ಎಷ್ಟೇ ಇರಲಿ, ಕಡಿತದ ಮೊತ್ತ ಇಷ್ಟೇ. ಅವಿಭಕ್ತ ಕುಟುಂಬದ ಹೆಸರಿನಲ್ಲಿ ತೆರಿಗೆ ಕಟ್ಟುವವರೂ ಕುಟುಂಬದ ಅವಲಂಬಿತ ಸದಸ್ಯರಿಗಾಗಿ ಇದನ್ನು ಪಡೆಯಬಹುದು. ಆದರೆ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿರಬೇಕು, ಹಿರಿಯರು ತಮ್ಮ ಲೆಕ್ಕದಲ್ಲಿ 80ಯು ಕಡಿತ ತೆಗೆದುಕೊಂಡಿರಬಾರದು. ಲೆಕ್ಕ ಪರಿಶೋಧಕರನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು.

ಪೂರ್ತಿ ಕಣ್ಣು ಕಾಣದವರಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ಎ.ಸಿ. ದರ್ಜೆಗಳಲ್ಲಿ ಶೇ. 75 ರಿಯಾಯಿತಿ ಇದೆ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಶ್ರವಣಬೆಳಗೊಳಕ್ಕೋ ಸಮ್ಮೇದ ಶಿಖರ್ಜಿಗೋ ಯಾತ್ರೆ ಹೊರಡುವವರು ಇದನ್ನು ನೆನಪಿಡಬೇಕು. ರಾಜ್ಯ ಸಾರಿಗೆ ಬಸ್ಸುಗಳಲ್ಲಿ ಅಂಧರಿಗೆ ಉಚಿತ ಪಾಸ್ ಇದೆ.

ಸಹಾಯಕರಿಗೆ ಎಷ್ಟು ಗಂಟೆ, ಎಷ್ಟು ಹಣ?

ಕಣ್ಣು ಮಾತ್ರ ಕಾಣದ, ಬೇರೆ ಕಾಯಿಲೆ ಇಲ್ಲದ ಹಿರಿಯರಿಗೆ ತರಬೇತಿ ಪಡೆದ ನರ್ಸ್ ಬೇಕಿಲ್ಲ. ದಿನವಿಡೀ ಕೂರುವವರೂ ಬೇಕಿಲ್ಲ. ಕಾಗದ ಓದಿ ಹೇಳಲು, ಕಣ್ಣಿಗೆ ಹನಿ ಹಾಕಲು, ಬಸದಿಗೆ, ಬ್ಯಾಂಕಿಗೆ, ವಾಕಿಂಗಿಗೆ ಕರೆದೊಯ್ಯಲು ಒಬ್ಬರು ಸಾಕು.

ಲೆಕ್ಕಕ್ಕೆ ಒಂದು ಉದಾಹರಣೆ. ದಿನಕ್ಕೆ 12 ಗಂಟೆ, ತಿಂಗಳಿಗೆ 26 ದಿನ ಎಂದರೆ 312 ಗಂಟೆ. 18,000 ರೂಪಾಯಿ ಕೊಟ್ಟರೆ ಗಂಟೆಗೆ ಸುಮಾರು 58 ರೂಪಾಯಿ ಬೀಳುತ್ತದೆ. ಅದೇ ದಿನಕ್ಕೆ 3 ಗಂಟೆಯಾದರೆ 78 ಗಂಟೆ. ಗಂಟೆಗೆ 100 ರೂಪಾಯಿ ಕೊಟ್ಟರೂ 7,800 ಆಗುತ್ತದೆ. ಕೆಲಸದವರಿಗೆ ಗಂಟೆಯ ಲೆಕ್ಕದಲ್ಲಿ ಹೆಚ್ಚು ಸಿಗುತ್ತದೆ, ಮನೆಯವರಿಗೆ ಖರ್ಚು ಕಡಿಮೆ, ಹಿರಿಯರಿಗೂ ಉಳಿದ ಹೊತ್ತಿನಲ್ಲಿ ಸ್ವಾತಂತ್ರ್ಯ.

ಏಜೆನ್ಸಿಯ ಮೂಲಕ ಬಂದರೆ ಇವನ್ನು ಬರೆದುಕೊಳ್ಳಬೇಕು: ಬರುವ ಹೋಗುವ ಸಮಯ, ಮಾಡುವ ಕೆಲಸ, ಸಂಬಳ, ಅದರಲ್ಲಿ ಕೆಲಸದವರ ಕೈಗೆ ಸೇರುವುದೆಷ್ಟು, ನೋಂದಣಿ ಶುಲ್ಕ, ವಾರದ ರಜೆ, ಬದಲಿ ಯಾರು, ಬಿಡುವಾಗ ಎಷ್ಟು ದಿನದ ಮುನ್ಸೂಚನೆ. ಸಂಬಳ ಬ್ಯಾಂಕಿನ ಮೂಲಕವೇ ಹೋಗಲಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಮನೆಯ ಆಚಾರವನ್ನೂ ಮೊದಲ ದಿನವೇ ಹೇಳಬೇಕು. ಊಟ ಸೂರ್ಯಾಸ್ತದೊಳಗೆ ಆಗಬೇಕು, ನೀರು ಸೋಸಿರಬೇಕು, ಗಡ್ಡೆಗೆಣಸು ಬೇಡ. ಕಣ್ಣು ಕಾಣುವವರು ತಟ್ಟೆಯನ್ನು ತಾವೇ ನೋಡಿಕೊಳ್ಳುತ್ತಾರೆ. ಕಾಣದವರು ಬಡಿಸುವವರ ಮಾತನ್ನೇ ನಂಬಬೇಕು. ಆದ್ದರಿಂದ ಸಂಜೆ ಬರುವ ಸಹಾಯಕರ ಸಮಯವನ್ನು ಊಟದ ಹೊತ್ತಿಗೆ ಹೊಂದಿಸಬೇಕು. ಅಷ್ಟಮಿ, ಚತುರ್ದಶಿಯ ಉಪವಾಸ ಮಾಡುವವರ ಸಕ್ಕರೆ ಕಾಯಿಲೆಯ ಔಷಧದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿರಬೇಕು.

ತರಬೇತಿಗೆ ಕೊಟ್ಟ ಹಣ ವ್ಯರ್ಥವಲ್ಲ

ಬಿಳಿ ಕೋಲು ಹಿಡಿದು ನಡೆಯುವುದು, ಚಹಾ ಮಾಡಿಕೊಳ್ಳುವುದು, ಮಾತನಾಡುವ ಮೊಬೈಲ್ ಬಳಸುವುದು, ಇವೆಲ್ಲ ಎಪ್ಪತ್ತರ ವಯಸ್ಸಿನಲ್ಲೂ ಕಲಿಯಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್ಓವರ್ ಮೊದಲೇ ಇರುತ್ತವೆ, ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ನೋಟಿನ ಬೆಲೆಯನ್ನು ಹೇಳುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಲ್ಲಿ ಧ್ವನಿ ಪುಸ್ತಕಗಳ ಗ್ರಂಥಾಲಯವಿದೆ. ರಾಷ್ಟ್ರೀಯ ಅಂಧರ ಸಂಘದ ಕರ್ನಾಟಕ ಶಾಖೆಯಲ್ಲಿ ತರಬೇತಿಯ ಬಗ್ಗೆ ವಿಚಾರಿಸಬಹುದು.

ಮನೆಯವರು ಮತ್ತು ಸಹಾಯಕರು ಪಾಲಿಸಬೇಕಾದ ನಿಯಮಗಳೂ ಇವೆ. ಸಾಮಾನಿನ ಜಾಗ ಬದಲಿಸಬಾರದು. ಒಳಗೆ ಬಂದಾಗ ಹೆಸರು ಹೇಳಬೇಕು, ಹೋಗುವಾಗಲೂ ಹೇಳಬೇಕು. ಹಿರಿಯರ ಕೈ ಹಿಡಿದು ಎಳೆಯಬಾರದು, ಅವರೇ ಸಹಾಯಕರ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ. ತಟ್ಟೆಯನ್ನು ಗಡಿಯಾರದಂತೆ ಹೇಳಬೇಕು: 12ರ ಕಡೆ ಅನ್ನ, 3ರ ಕಡೆ ಪಲ್ಯ.

ಹಿರಿಯರ ಹಣ ಹಿರಿಯರದ್ದೇ

ಸಹಾಯಕರ ಸಂಬಳ ಹಿರಿಯರ ಪಿಂಚಣಿಯಿಂದ ಹೋಗುತ್ತಿದ್ದರೆ ಪ್ರತಿ ತಿಂಗಳು ಲೆಕ್ಕವನ್ನು ಅವರಿಗೆ ಓದಿ ಹೇಳಬೇಕು. ಓದಿ ಹೇಳದೆ ಯಾವ ಕಾಗದಕ್ಕೂ ಸಹಿ ಅಥವಾ ಹೆಬ್ಬೆಟ್ಟು ಪಡೆಯಬಾರದು. ದೃಷ್ಟಿ ಇಲ್ಲವೆಂಬ ಕಾರಣಕ್ಕೆ ಬ್ಯಾಂಕು ಚೆಕ್ ಪುಸ್ತಕ, ಎಟಿಎಂ ಕಾರ್ಡ್, ಲಾಕರ್ ನಿರಾಕರಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567 ಉಚಿತ.

ವೈಯಾವೃತ್ತ್ಯವನ್ನು ತಪಸ್ಸಿನಲ್ಲಿ ಒಂದೆಂದು ಎಣಿಸುವ ಸಮಾಜದಲ್ಲಿ ಸೇವೆಯನ್ನು ಸಂಬಳಕ್ಕೆ ಒಪ್ಪಿಸಿ ಮರೆಯುವುದು ಸರಿಯಲ್ಲ. ಸಹಾಯಕರು ಬರುವುದು ಮೂರು ಗಂಟೆ. ಸಂಜೆ ಮೊಮ್ಮಕ್ಕಳು ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಪತ್ರಿಕೆ ಓದಿ ಹೇಳಿದರೆ, ಅಜ್ಜನೋ ಅಜ್ಜಿಯೋ ಮರುದಿನ ಆ ಹೊತ್ತಿಗೆ ಕಾಯುತ್ತಾರೆ.